ಮನೆಯಲ್ಲಿ ಮಾತ್ರ ಏಳದ ಲ್ಯಾಪ್‌ಟಾಪ್

ಪೆನ್ನು ಕೈಗೆತ್ತಿಕೊಂಡು ಅರ್ಧ ಸಾಲು ಬರೆದಿಲ್ಲ, ಆಗಲೇ ಮತ್ತೆ ಕರೆ. ಈ ಸಲ ನಮ್ಮವರದು, ಎಸ್ಟೇಟಿನಿಂದ ಫೋನು. ಊಟದ ಡಬ್ಬಿಗೆ ಏನು ಹಾಕಿದ್ದೀಯ ಅಂತ ಕೇಳೋಕೆ. ಡಬ್ಬಿ ಎಲ್ಲಿದೆ ಅಂತ ಕೇಳಿದೆ. ಮುಂದೇನೇ ಐತೆ ಅಂದರು. ಹಾಗಾದರೆ ಮುಚ್ಚಳ ತೆಗೆದು ನೋಡಿ, ಅದಕ್ಕೂ ನಾನೇ ಬಸ್ಸು ಹತ್ತಿ ಬರಬೇಕಾ ಅಂದೆ.

ನಮ್ಮ ಮನೆಯಲ್ಲಿ ನಾನು ನಿಂತಿರುವಾಗ ಯಾರಿಗೂ ಏನೂ ಬೇಡ. ಕೂತ ತಕ್ಷಣ ಎಲ್ಲರಿಗೂ ಎಲ್ಲವೂ ಬೇಕು. ಅತ್ತೆಗೆ ಬೆಲ್ಲದ ಡಬ್ಬಿ ಕಾಣುವುದಿಲ್ಲ, ಮಾವನಿಗೆ ಟಾರ್ಚು ಕಾಣುವುದಿಲ್ಲ, ಆರು ವರ್ಷದ ಮಗಳಿಗೆ ಅವಳ ಸ್ವಂತ ಸಾಮಾನೇ ಕಾಣುವುದಿಲ್ಲ. ಇವರು ಅಡ್ಡ ಬರುವುದು, ನಾನು ರೇಗುವುದು, ಆಮೇಲೆ ಊರು ನಗುವುದು ಮದುವೆಯಾದಾಗಿನಿಂದ ನಡೆದುಕೊಂಡೇ ಬಂದಿದೆ. ಆದರೆ ಕಳೆದ ಏಪ್ರಿಲ್‌ನ ಆ ಒಂದು ವಾರ ಮಾತ್ರ ನನಗೆ ನಗು ಬಂದಿರಲಿಲ್ಲ. ಈಗ ಬರುತ್ತದೆ, ಅದಕ್ಕೇ ಬರೆಯುತ್ತಿದ್ದೇನೆ.

೧. ಹಸುವಿನ ಕಿವಿ

ಯಸಳೂರಿಗೆ ಹತ್ತಿರದ ನಮ್ಮ ಊರಿನಲ್ಲಿ ಹೆಂಗಸರದೇ ಒಂದು ಹಾಲಿನ ಡೈರಿ ಇದೆ. ಅಲ್ಲಿ ಕಾರ್ಯದರ್ಶಿಯಾಗಿದ್ದ ಹುಡುಗಿ ಮದುವೆಯಾಗಿ ಹೋದಳು. ಆ ಕೆಲಸಕ್ಕೆ ಹತ್ತನೇ ಕ್ಲಾಸು ಪಾಸಾಗಿ, ಕಂಪ್ಯೂಟರ್ ಬಂದರೆ ಸಾಕು ಅಂತ ಅಧ್ಯಕ್ಷೆ ಅಕ್ಕ ಹೇಳಿದರು. ಕೆಲಸ ಕೇಳಿದವರು ಇಬ್ಬರು. ಒಬ್ಬಳು ನಾನು. ಇನ್ನೊಬ್ಬಳು ನಮ್ಮ ಎದುರು ಮನೆಯ ಸೊಸೆ. ಅವಳು ಪಿಯುಸಿ, ಲ್ಯಾಪ್‌ಟಾಪೂ ಹೊಸದು. ನಾನು ಹತ್ತನೇ ಕ್ಲಾಸು, ಲ್ಯಾಪ್‌ಟಾಪೂ ಹೆಚ್ಚುಕಡಿಮೆ ನಾನು ಸ್ಕೂಲು ಬಿಟ್ಟ ಕಾಲದ್ದು. ನಮ್ಮವರು ವನಗೂರು ಕಡೆ ಒಂದು ಎಸ್ಟೇಟಿನಲ್ಲಿ ರೈಟರ್, ಅಂದರೆ ಲೆಕ್ಕಪತ್ರ ಬರೆಯುವವರು. ಆಫೀಸಿಗೆ ಹೊಸದು ಬಂದಾಗ ಹಳೆಯದನ್ನು ಇವರಿಗೆ ಕೊಟ್ಟಿದ್ದರು. ಅದರಲ್ಲಿ ಮೂರು ತಿಂಗಳು ಕೂತು, ಯಾರಿಂದಲೂ ಹೇಳಿಸಿಕೊಳ್ಳದೆ ಟೈಪ್ ಮಾಡುವುದು ಕಲಿತಿದ್ದೆ. ಮದುವೆಯಾದ ಎಂಟು ವರ್ಷದಲ್ಲಿ ನನ್ನದು ಅಂತ ಆ ಮನೆಯಲ್ಲಿ ಇದ್ದದ್ದು ಅದೊಂದೇ.

ಅಧ್ಯಕ್ಷೆ ಅಕ್ಕ ಪರೀಕ್ಷೆ ಇಟ್ಟರು. ಡೈರಿಗೆ ಹಾಲು ಹಾಕುವ ಎಲ್ಲರ ಹಸುಗಳ ಪಟ್ಟಿ ಮಾಡಬೇಕು. ಯಾರ ಹಸು, ಯಾವ ತಳಿ, ಕಿವಿಗೆ ಹಾಕಿರುವ ಹಳದಿ ಬಿಲ್ಲೆಯ ನಂಬರ್ ಎಷ್ಟು, ಎಲ್ಲವನ್ನೂ ಕಂಪ್ಯೂಟರಿನಲ್ಲಿ ಟೈಪ್ ಮಾಡಿ, ಶನಿವಾರ ಹನ್ನೊಂದು ಗಂಟೆಗೆ ಸಭೆಗೆ ಪೆನ್‌ಡ್ರೈವ್‌ನಲ್ಲಿ ತರಬೇಕು. ಯಾರ ಪಟ್ಟಿ ಸರಿಯಾಗಿದೆಯೋ ಅವರಿಗೆ ಕೆಲಸ.

ಒಂದೊಂದು ಬಿಲ್ಲೆಯಲ್ಲಿ ಹನ್ನೆರಡು ಅಂಕಿ. ಹಸು ಕಿವಿ ಆಡಿಸುತ್ತಲೇ ಇರುತ್ತದೆ. ಎಂಟು ಅಂಕಿ ಬರೆದುಕೊಳ್ಳುವಷ್ಟರಲ್ಲಿ ತಿರುಗಿ ನನ್ನ ಸೆರಗು ತಿನ್ನಲು ಶುರು ಮಾಡುತ್ತದೆ. ಹದಿನೈದು ದಿನ ಕೊಟ್ಟಿಗೆ ಕೊಟ್ಟಿಗೆ ಸುತ್ತಿದೆ. ಒಬ್ಬ ಅಜ್ಜಿಯ ಹಸುವಿನ ಕಿವಿಯಲ್ಲಿ ಬಿಲ್ಲೆಯೇ ಇರಲಿಲ್ಲ. ಎಲ್ಲಿ ಅಜ್ಜಿ ಅಂದರೆ, ಒಳಗೆ ಹೋಗಿ ಕಬ್ಬಿಣದ ಪೆಟ್ಟಿಗೆಯಿಂದ ತಂದು ತೋರಿಸಿತು.

"ಕಳ್ದೋಗ್ತದೆ ಅಂತ ಬಿಚ್ಚಿ ಮಡಗಿದ್ದೆ ಕಣವ್ವ. ಸರ್ಕಾರದ್ದಲ್ವಾ."

ಹೀಗೆ ಒಟ್ಟು ಎಂಬತ್ತಮೂರು ಹಸು. ಭಾನುವಾರದ ಹೊತ್ತಿಗೆ ಅರವತ್ತೊಂದು ಟೈಪ್ ಆಗಿತ್ತು. ಇನ್ನು ಇಪ್ಪತ್ತೆರಡು, ಎರಡು ದಿನದ ಕೆಲಸ. ಅವತ್ತು ಲ್ಯಾಪ್‌ಟಾಪಿನ ಅಡಿ ಸುಡುತ್ತಿತ್ತು. ಅಡಿಯಲ್ಲಿ ಸ್ವಲ್ಪ ಗಾಳಿ ಆಡಲಿ ಅಂತ ನಮ್ಮವರು ಹೇಳಿದ್ದು ನೆನಪಾಗಿ, ಎಡಕ್ಕೊಂದು ಬಲಕ್ಕೊಂದು ಕೈಗೆ ಸಿಕ್ಕಿದ ಗಟ್ಟಿ ಸಾಮಾನು ಇಟ್ಟು, ನೋಡಲು ಚೆನ್ನಾಗಿರಲಿ ಅಂತ ಅದರ ಮೇಲೆ ಮೇಜಿನ ಬಟ್ಟೆ ಎಳೆದು, ಲ್ಯಾಪ್‌ಟಾಪನ್ನು ಆರಿಸಿ ಮೇಲೆ ಕೂರಿಸಿದೆ. ದೇವರನ್ನು ಮಂಟಪದಲ್ಲಿ ಕೂರಿಸಿದ ಹಾಗಿತ್ತು.

ಸೋಮವಾರ ಬೆಳಿಗ್ಗೆ ಗುಂಡಿ ಒತ್ತಿದೆ. ದೀಪ ಒಂದು ಸಲ ಹತ್ತಿತು. ಒಳಗೆ ಫ್ಯಾನು ಉಸಿರೆಳೆದ ಹಾಗೆ ಸದ್ದಾಯಿತು. ಅಷ್ಟೇ. ಪರದೆ ಕಪ್ಪು. ಇನ್ನೊಮ್ಮೆ ಒತ್ತಿದೆ, ಕಪ್ಪು. ಇಪ್ಪತ್ತು ಸಲ ಒತ್ತಿರಬೇಕು. ಅಷ್ಟರಲ್ಲಿ ಮಗಳು ಬಂದು ಸೆರಗು ಎಳೆದಳು. ಎರಡು ದಿನದ ಹಿಂದಷ್ಟೇ ಸ್ಕೂಲಿಗೆ ಬೇಸಿಗೆ ರಜೆ ಬಿಟ್ಟಿತ್ತು.

"ಅಮ್ಮಾ, ನನ್ನ ಪೆನ್ಸಿಲ್ ಬಾಕ್ಸ್ ಎಲ್ಲಿ?"

"ಅರವತ್ತೊಂದು ಹಸು ಕಾಣ್ತಿಲ್ಲ ಇಲ್ಲಿ," ಅಂದೆ. "ನಿಂದು ಒಂದು ಬಾಕ್ಸು."

೨. ರೈಟರ್ ಕಂಡ ಕಾರಣ

ನಮ್ಮವರಿಗೆ ಯಾವ ಯಂತ್ರ ಕೆಟ್ಟರೂ ಕಾರಣ ಒಂದೇ: ವೋಲ್ಟೇಜ್. ಮಿಕ್ಸಿ ಕೆಟ್ಟರೆ ವೋಲ್ಟೇಜ್, ಟಿವಿ ಕೆಟ್ಟರೆ ವೋಲ್ಟೇಜ್. ಒಂದು ಸಲ ಗೋಡೆ ಗಡಿಯಾರ ನಿಂತಾಗಲೂ ವೋಲ್ಟೇಜ್ ಅಂದಿದ್ದರು. ಅದು ಸೆಲ್ ಹಾಕುವ ಗಡಿಯಾರ.

ಮಂಗಳವಾರ ಬೆಳಿಗ್ಗೆ ಲ್ಯಾಪ್‌ಟಾಪನ್ನು ಬ್ಯಾಗಿಗೆ ಹಾಕಿಕೊಂಡು ಬೈಕಿನಲ್ಲಿ ಎಸ್ಟೇಟಿಗೆ ಒಯ್ದರು. ಅಲ್ಲಿ ಸ್ಟೋರಿನ ಮೇಜಿನ ಮೇಲಿಟ್ಟು ಒತ್ತಿದರೆ ಮೊದಲನೇ ಸಲಕ್ಕೇ ಎದ್ದಿತಂತೆ. ಸಂಜೆ ಬಾಗಿಲಲ್ಲೇ ನಿಂತು ಹೇಳಿದರು, ಮುಖದಲ್ಲಿ ಗೆದ್ದ ಕಳೆ.

"ನಾನ್ ಹೇಳ್ಲಿಲ್ವಾ? ಅಲ್ಲಿ ಎರಡು ಗಂಟೆ ಓಡ್ತು, ಒಂದ್ಸಲಾನೂ ಕಮಕ್ ಕಿಮಕ್ ಅನ್ಲಿಲ್ಲ."

ಎರಡು ಗಂಟೆಯಲ್ಲಿ ನನ್ನ ಹಸುಗಳಲ್ಲಿ ಎಷ್ಟನ್ನು ಟೈಪ್ ಮಾಡಿದಿರಿ ಅಂತ ಕೇಳಿದೆ. ನಂಬರು ಬರೆದುಕೊಂಡ ಪುಸ್ತಕವನ್ನು ಬ್ಯಾಗಿಗೆ ನಾನೇ ಹಾಕಿ ಕಳಿಸಿದ್ದೆ. ಅವರು ಶೂ ಬಿಚ್ಚುವುದರಲ್ಲಿ ಬಹಳ ಗಮನ ಕೊಟ್ಟರು. ಆಮೇಲೆ, ಇಸ್ಪೀಟಿನ ಆಟ ಆಡಿ ಟೆಸ್ಟ್ ಮಾಡಿದೆ, ಯಂತ್ರ ಚೆನ್ನಾಗಿದೆ ಅಂದರು.

ಬೈಕಿನ ಹಿಂದೆ ಇನ್ನೇನೋ ಕಟ್ಟಿತ್ತು. ಬಿಚ್ಚಿದರೆ, ಎಸ್ಟೇಟ್ ಬಂಗಲೆಯ ಹಳೇ ಫ್ರಿಜ್ಜಿನ ಸ್ಟೆಬಿಲೈಸರ್. ಒರಳುಕಲ್ಲಿನಷ್ಟು ಭಾರ. ಅದನ್ನು ಇಬ್ಬರೂ ಎತ್ತಿ ತಂದು ಮೇಜಿನ ಕೆಳಗಿಟ್ಟು, ನಮ್ಮ ನಡುಮನೆಯಲ್ಲಿರುವ ಒಂದೇ ಪ್ಲಗ್ಗಿಗೆ ಸಿಕ್ಕಿಸಿ, ಲ್ಯಾಪ್‌ಟಾಪನ್ನು ಅದರ ಜಾಗದಲ್ಲಿ ಕೂರಿಸಿ ಒತ್ತಿದೆವು. ಸ್ಟೆಬಿಲೈಸರ್ ಗುಂಯ್ ಅಂದಿತು. ಅದರ ಕೆಂಪು ದೀಪ ಹತ್ತಿತು, ಹಸಿರು ದೀಪ ಹತ್ತಿತು, ಮುಳ್ಳು ಎದ್ದು ನಿಂತಿತು. ಲ್ಯಾಪ್‌ಟಾಪ್ ಉಸಿರೆಳೆದು ಮಲಗಿತು.

ನಮ್ಮವರು ಬಹಳ ಹೊತ್ತು ಎರಡನ್ನೂ ನೋಡಿದರು. ನಾನು ಕೇಳಿದೆ: "ಈಗ ಇಸ್ಪೀಟು ಇದರಲ್ಲಿ ಆಡ್ತೀರಾ?"

೩. ಮೆಣಸಿನ ಜೊತೆ ಒಣಗಿದ್ದು

ಮಾವನಿಗೆ ಈ ವೋಲ್ಟೇಜ್ ಮಾತಿನಲ್ಲಿ ನಂಬಿಕೆ ಇಲ್ಲ. ಅವರು ನಲವತ್ತು ವರ್ಷ ಕಾಫಿ, ಕಾಳುಮೆಣಸು ಒಣಗಿಸಿದವರು. ಅವರ ಲೆಕ್ಕದಲ್ಲಿ ಲೋಕದಲ್ಲಿ ಕೆಡುವುದೆಲ್ಲ ತೇವದಿಂದ. ಹಿಂದಿನ ವಾರ ಒಂದು ಮಳೆ ಬಿದ್ದಿತ್ತು. ಸಾಕು.

ಬುಧವಾರ ನಾನು ಬಟ್ಟೆ ಒಗೆದು ಬರುವಷ್ಟರಲ್ಲಿ ಮೇಜು ಖಾಲಿ. ಹೊರಗೆ ಓಡಿ ನೋಡಿದರೆ, ಕಣದಲ್ಲಿ ಮೆಣಸು ಹರಡಿದೆ, ಮೆಣಸಿನ ನಡುವೆ ಒಂದು ಗೋಣಿ, ಗೋಣಿಯ ಮೇಲೆ ನನ್ನ ಲ್ಯಾಪ್‌ಟಾಪ್ ಬಾಯಿ ತೆರೆದುಕೊಂಡು ಬಿಸಿಲು ಕಾಯುತ್ತಿದೆ. ಮಾವ ಉದ್ದ ಹಿಡಿಯ ಮರದ ಹಲಗೆ ಹಿಡಿದು ಮೆಣಸು ಮಗುಚುತ್ತಾ ಬಂದು, ಲ್ಯಾಪ್‌ಟಾಪಿನ ಹತ್ತಿರ ನಿಂತು, ಅದನ್ನೂ ಮಗುಚಿ ಹಾಕಿ ಮುಂದೆ ಹೋದರು.

ಮಾವ, ಅದರೊಳಗೆ ಅರವತ್ತೊಂದು ಹಸು ಇವೆ ಅಂತ ಕೂಗಿದೆ.

"ಇರ್ಲಿ ಬುಡವ್ವ, ಅವೂ ಒಣಗ್ಲಿ," ಅಂದರು.

ಅದೇ ಹೊತ್ತಿಗೆ ಮೆಣಸು ನೋಡಲು ವ್ಯಾಪಾರದವನು ಬಂದ. ಅವನ ಹತ್ತಿರ ಕಾಳಿನ ತೇವ ಅಳೆಯುವ ಒಂದು ಸಣ್ಣ ಯಂತ್ರ ಇರುತ್ತದೆ. ಮೆಣಸು ಅಳೆದಾಯಿತು. ಮಾವ ಅವನ ಕೈ ಹಿಡಿದು ಲ್ಯಾಪ್‌ಟಾಪಿನ ಹತ್ತಿರ ಕರೆತಂದು, ಅದನ್ನು ನೆಟ್ಟಗೆ ತಿರುಗಿಸಿಟ್ಟು, ಇದನ್ನೂ ಸ್ವಲ್ಪ ನೋಡು ಅಂದರು. ಅವನು ಬೆಪ್ಪಾಗಿ, ಗೌಡ್ರೇ ಇದು ಮೆಣಸು ನೋಡೋ ಮಿಷನ್ನು ಅಂದ.

"ತೇವ ಅಂದ್ರೆ ತೇವ ಕಣೋ ಮಾರಾಯ. ಮೆಣಸಿಗೊಂದು, ಇದಕ್ಕೊಂದು ಬ್ಯಾರೆ ಇರ್ತದಾ?"

ವ್ಯಾಪಾರದವನು ಹಿರಿಯರ ಮಾತು ಮೀರಲಾಗದೆ ಯಂತ್ರವನ್ನು ಕೀಬೋರ್ಡಿನ ಮೇಲೆ ಹಿಡಿದ. ನನ್ನ ಕಡೆ ನೋಡಲಿಲ್ಲ, ನೋಡದೆ ಇದ್ದದ್ದು ಒಳ್ಳೆಯದಾಯಿತು. ಆಮೇಲೆ ಗಂಭೀರವಾಗಿ, ಒಣಗಿದೆ ಗೌಡ್ರೇ ಅಂದ. ಮಾವ ಅಲ್ಲೇ ಬಗ್ಗಿ ಗುಂಡಿ ಒತ್ತಿದರು.

ಲ್ಯಾಪ್‌ಟಾಪ್ ಎದ್ದಿತು.

ಅದರ ಹಳೇ ಬ್ಯಾಟರಿ ಹತ್ತು ನಿಮಿಷಕ್ಕಿಂತ ಹೆಚ್ಚು ತಡೆಯುವುದಿಲ್ಲ ಅಂತ ನನಗೆ ಗೊತ್ತು. ಒಳಗೆ ಓಡಿ ಪುಸ್ತಕ ತಂದು, ಸುಡುವ ಕಣದಲ್ಲೇ ಕೂತು ಟೈಪ್ ಮಾಡತೊಡಗಿದೆ. ಬಿಸಿಲಿಗೆ ಪರದೆ ಕಾಣುತ್ತಿಲ್ಲ. ವ್ಯಾಪಾರದವನು ಪಾಪ, ಇನ್ನೊಂದು ಗೋಣಿ ಎತ್ತಿ ನೆರಳು ಹಿಡಿದು ನಿಂತ. ಒಂದು ಹಸು ಮುಗಿಸಿ ಎರಡನೆಯದರ ಏಳನೇ ಅಂಕಿಗೆ ಬರುವಷ್ಟರಲ್ಲಿ ಮಗಳು ಬಂದು ಬೆನ್ನಿಗೆ ಜೋತುಬಿದ್ದಳು. ಪೆನ್ಸಿಲ್ ಬಾಕ್ಸ್ ಎಲ್ಲಿ, ಪೆನ್ಸಿಲ್ ಬಾಕ್ಸ್ ಎಲ್ಲಿ. ಮೂರು ದಿನದಿಂದ ಇದೇ ರಾಗ. ಬ್ಯಾಟರಿ ಸತ್ತಿತು, ಪರದೆ ಆರಿತು. ನಾನು ತಿರುಗಿ, ನೀನೇ ಎಲ್ಲೋ ಬಿಸಾಕಿ ಬಂದು ನನ್ನ ಪ್ರಾಣ ತಿನ್ನುತ್ತೀಯಾ ಅಂತ ಅವಳ ಬೆನ್ನಿಗೆ ಒಂದು ಬಿಟ್ಟೆ. ಅವಳು ಅಳಲಿಲ್ಲ. ನನ್ನನ್ನೇ ನೋಡಿದಳು. ಅದು ಇನ್ನೂ ಕಷ್ಟ.

ಒಳಗೆ ತಂದು ಮೇಜಿನ ಮೇಲಿಟ್ಟು ಚಾರ್ಜರ್ ಹಾಕಿ ಒತ್ತಿದರೆ ಮತ್ತೆ ಕಪ್ಪು. ಮಾವ ಒಪ್ಪಲಿಲ್ಲ. ಒಣಗಿಸಿದ ಮಾಲನ್ನು ಮನೆಯೊಳಗೆ ಇಟ್ಟರೆ ಮತ್ತೆ ತೇವ ಎಳೆಯುವುದು ಸಹಜವಂತೆ. ಚೀಲಕ್ಕೆ ತುಂಬಿ ಬಾಯಿ ಹೊಲಿಯಬೇಕಿತ್ತಂತೆ.

೪. ಅತ್ತೆಯ ಪಾಲು

ಗುರುವಾರ ಬೆಳಿಗ್ಗೆ ಅತ್ತೆ ಉಪ್ಪು, ಒಣಮೆಣಸಿನಕಾಯಿ ಹಿಡಿದು ಬಂದರು. ಎದುರು ಮನೆಯವಳ ಕಣ್ಣು ಬಿದ್ದಿದೆ, ಬೇರೆ ಏನೂ ಅಲ್ಲ ಅಂದರು. ನನಗೆ ವಾದ ಮಾಡಲು ಶಕ್ತಿ ಇರಲಿಲ್ಲ. ಮೇಜಿನ ಮೇಲಿದ್ದ ಲ್ಯಾಪ್‌ಟಾಪಿಗೇ ಮೂರು ಸುತ್ತು ನಿವಾಳಿಸಿ ಒಲೆಗೆ ಹಾಕಿದರು. ಘಾಟು ಎದ್ದು ಮನೆಯವರೆಲ್ಲ ಕೆಮ್ಮಿ ಕೆಮ್ಮಿ ಅಂಗಳಕ್ಕೆ ಬಂದೆವು. ಘಾಟು ಬಂದರೆ ದೃಷ್ಟಿ ಇಲ್ಲ ಅಂತ ಅರ್ಥ ಅಂತ ಅತ್ತೆಯೇ ಎಷ್ಟೋ ಸಲ ಹೇಳಿದ್ದಾರೆ. ಅದನ್ನು ನೆನಪಿಸಿದೆ.

"ಮನುಷ್ಯರಿಗೆ ಹಂಗೆ ಕಣೇ," ಅಂದರು ಅತ್ತೆ, ಕಣ್ಣು ಒರೆಸಿಕೊಳ್ಳುತ್ತಾ. "ಮಿಷನ್ನಿಗೆ ಮೂರು ದಿನ ಮಾಡ್ಬೇಕು."

೫. ಇದು ಯಾವ ಪಾರ್ಟು?

ಅವತ್ತೇ ಬಸ್ಸು ಹತ್ತಿ ಸಕಲೇಶಪುರಕ್ಕೆ ಹೋದೆ. ಕಿಟಕಿ ಪಕ್ಕ ಕೂತು ಲ್ಯಾಪ್‌ಟಾಪನ್ನು ಬಾಣಂತಿ ಮಗು ಹಿಡಿದ ಹಾಗೆ ಹಿಡಿದುಕೊಂಡಿದ್ದೆ. ದಾರಿಯುದ್ದಕ್ಕೂ ಲೆಕ್ಕ ಒಂದೇ: ಇನ್ನು ಇಪ್ಪತ್ತೊಂದು ಹಸು, ಎರಡು ದಿನ.

ರಿಪೇರಿ ಅಂಗಡಿಯವನು ಏನಾಗಿದೆ ಅಂದ. ಏಳ್ತಾನೇ ಇಲ್ಲ ಅಂದೆ. ದೀಪ ಬರುವುದು, ಉಸಿರೆಳೆಯುವುದು, ಮಲಗುವುದು ಎಲ್ಲವನ್ನೂ ಡಾಕ್ಟರಿಗೆ ಹೇಳುವ ಹಾಗೆ ಹೇಳಿದೆ. ಅವನು ಲ್ಯಾಪ್‌ಟಾಪನ್ನು ತನ್ನ ಮೇಜಿನ ಮೇಲಿಟ್ಟು ಗುಂಡಿ ಒತ್ತಿದ. ಎದ್ದು ಕೂತಿತು. ನನ್ನ ಅರವತ್ತೆರಡು ಹಸುಗಳೂ ಸಾಲಾಗಿ ನಿಂತಿದ್ದವು.

ಅವನು ನನ್ನನ್ನು ನೋಡಿದ. ನಾನು ಲ್ಯಾಪ್‌ಟಾಪನ್ನು ನೋಡಿದೆ. ತವರು ಮನೆಯಲ್ಲಿ ದೂರು ಹೇಳಲು ಹೋದಾಗ ಗಂಡ ಬಂದು ಒಳ್ಳೆಯವನ ಹಾಗೆ ನಕ್ಕರೆ ಹೇಗಾಗುತ್ತದೋ ಹಾಗಾಯಿತು.

ಆದರೂ ಬಿಚ್ಚಿ ನೋಡು ಅಂತ ಹಟ ಹಿಡಿದೆ. ಇಷ್ಟು ದೂರ ಬಂದಿದ್ದೇನೆ. ಅವನು ಸ್ಕ್ರೂ ಬಿಚ್ಚಿ, ಬ್ರಶ್ಶಿನಲ್ಲಿ ಧೂಳು ತೆಗೆದು, ಒಳಗಿನ ಮೆಮೊರಿ ಪಟ್ಟಿಯನ್ನು ತೆಗೆದು ರಬ್ಬರಿನಿಂದ ಉಜ್ಜಿ ಮತ್ತೆ ಸಿಕ್ಕಿಸಿದ. ಫ್ಯಾನಿನ ಹತ್ತಿರ ಏನೋ ಉರುಳಿತು. ಚಿಮಟದಲ್ಲಿ ಹಿಡಿದು ಬೆಳಕಿಗೆ ಎತ್ತಿ ತೋರಿಸಿದ. ಕರಿ, ಗುಂಡು, ಸುಕ್ಕು ಸುಕ್ಕು.

"ಮೇಡಂ, ಹತ್ತು ವರ್ಷದಿಂದ ರಿಪೇರಿ ಮಾಡ್ತಿದ್ದೀನಿ. ಇದು ಯಾವ ಪಾರ್ಟು ಅಂತ ಗೊತ್ತಾಗ್ತಿಲ್ಲ."

ಮೆಣಸು ಅಂದೆ. ಅವನು ಮೂಸಿ ನೋಡಿ, ಒಳ್ಳೇ ಮಾಲು ಅಂತ ಒಪ್ಪಿಕೊಂಡ.

ಮುಚ್ಚಿ ಕೊಡುವಾಗ ಅವನು ಒಂದು ಮಾತು ಹೇಳಿದ. ಹಳೇದು, ನಂಬೋಕಾಗಲ್ಲ, ಬೇಕಾದ ಫೈಲ್ ಈಗಲೇ ಪೆನ್‌ಡ್ರೈವ್‌ಗೆ ಹಾಕಿಕೊಡ್ತೀನಿ ಅಂದ. ನನಗೆ ಆಗಲೇ ನಾಲ್ಕು ಗಂಟೆಯ ಬಸ್ಸಿನ ಹಾರ್ನು ಕೇಳುತ್ತಿತ್ತು. ಸರಿಯಾಗಿದೆ ಅಂತ ನೀನೇ ಹೇಳ್ತೀಯ, ನಂಬಬೇಡ ಅಂತಾನೂ ನೀನೇ ಹೇಳ್ತೀಯ, ಒಂದು ಕಡೆ ನಿಲ್ಲು ಮಾರಾಯ ಅಂದು ಎದ್ದು ಬಂದೆ. ನನ್ನ ನಾಲಿಗೆ ನನಗೆ ಅವತ್ತು ಮಾಡಿದಷ್ಟು ಅನ್ಯಾಯವನ್ನು ನಮ್ಮ ಅತ್ತೆಯೂ ಮಾಡಿಲ್ಲ.

ಮನೆಗೆ ಬಂದು ಮೇಜಿನ ಮೇಲಿಟ್ಟು ಒತ್ತಿದೆ. ದೀಪ, ಉಸಿರು, ಕಪ್ಪು. ಅವನಿಗೆ ಫೋನ್ ಮಾಡಿದೆ. ಅವನು ಬಹಳ ಮರ್ಯಾದೆಯಿಂದ ಹೇಳಿದ: "ಮೇಡಂ, ಅದಕ್ಕೆ ನಿಮ್ಮನೇಲಿ ಯಾರದೋ ಭಯ ಐತೆ ಅನ್ಸುತ್ತೆ."

೬. ಎದುರು ಮನೆಯ ಸಹಾಯ

ಶುಕ್ರವಾರ ಎದುರು ಮನೆಯ ಸೊಸೆ ಬಂದಳು. ಕೈಯಲ್ಲಿ ಕರಿಬೇವಿನ ಸೊಪ್ಪು, ನೆಪಕ್ಕೆ. ಮೇಜಿನ ಕೆಳಗಿನ ಸ್ಟೆಬಿಲೈಸರ್ ನೋಡಿದಳು, ಒಲೆಯ ಮುಂದೆ ಉದುರಿದ್ದ ಉಪ್ಪು ನೋಡಿದಳು. ನಗಲಿಲ್ಲ. ನಕ್ಕಿದ್ದರೆ ಜಗಳ ಆಡಬಹುದಿತ್ತು.

"ನಂದು ನಿನ್ನೇನೇ ಮುಗೀತು ಅಕ್ಕ. ಬೇಕಾದ್ರೆ ನನ್ನ ಲ್ಯಾಪ್‌ಟಾಪ್ ತಗೊಂಡು ಬರ್ಲಾ? ನಿಮ್ದನ್ನ ಅದ್ರಲ್ಲೇ ಟೈಪ್ ಮಾಡ್ಕೊಳ್ಳಿ."

ಒಳ್ಳೆಯ ಮನಸ್ಸಿನಿಂದಲೇ ಕೇಳಿದಳು. ಅದೇ ನನಗೆ ತಡೆಯಲಾಗಲಿಲ್ಲ. ನಮ್ಮದು ಸರಿಯಾಗಿಯೇ ಇದೆ, ಸ್ವಲ್ಪ ಬಿಸಿಯಾಗಿತ್ತು, ಆರಲಿ ಅಂತ ಬಿಟ್ಟಿದ್ದೇನೆ ಅಂದೆ. ಅಷ್ಟರಲ್ಲಿ ಮಾವ ಒಳಗೆ ಬಂದು, ಅವಳ ಎದುರಿಗೇ, ಆರಿದ್ರೆ ಇನ್ನೊಂದು ಬಿಸಿಲು ಕೊಡಾಣವ್ವ ಅಂತ ಲ್ಯಾಪ್‌ಟಾಪಿಗೆ ಕೈ ಹಾಕಿದರು.

ಅವಳು ಹೋದಮೇಲೆ ಅಡುಗೆ ಮನೆಯಲ್ಲಿ ನಿಂತು ಕರಿಬೇವು ಬಿಡಿಸುತ್ತಾ ಅತ್ತುಬಿಟ್ಟೆ. ಯಾರೂ ನೋಡಲಿಲ್ಲ ಅಂದುಕೊಂಡಿದ್ದೆ. ಮಗಳು ನೋಡಿದ್ದಳು. ಹತ್ತಿರ ಬಂದು, ಮೆಲ್ಲಗೆ, ನಿಂದೂ ಕಳೆದುಹೋಯ್ತಾ ಅಮ್ಮ ಅಂತ ಕೇಳಿದಳು.

೭. ಮನೆ ಕಿತ್ತು ಹುಡುಕಿದ್ದು

ಶನಿವಾರ ಏಳು ಗಂಟೆ. ಸಭೆಗೆ ನಾಲ್ಕು ಗಂಟೆ ಉಳಿದಿತ್ತು. ಇನ್ನು ಮರ್ಯಾದೆ ನೋಡುತ್ತಾ ಕೂತರೆ ಕೆಲಸವೂ ಇಲ್ಲ ಅಂತ ತೀರ್ಮಾನ ಮಾಡಿದೆ. ಎದುರು ಮನೆಗೆ ಹೋಗಿ, ತಪ್ಪಾಯ್ತು, ಕೊಡವ್ವ ಅಂತ ಕೇಳುವುದು. ಮತ್ತೆ ಮೊದಲಿನಿಂದ ಟೈಪ್ ಮಾಡಬೇಕು, ನಾಲ್ಕು ಗಂಟೆಯಲ್ಲಿ ಎಂಬತ್ತಮೂರು ಆಗುವುದಿಲ್ಲ, ಆದಷ್ಟು ಆಗಲಿ.

ಪುಸ್ತಕ ಹಿಡಿದು ಹೊರಟೆ. ಬಾಗಿಲಲ್ಲಿ ಮಗಳು ಅಡ್ಡ ನಿಂತಳು. ಏನು ಕೇಳುತ್ತಾಳೆ ಅಂತ ಹೇಳಬೇಕಾಗಿಲ್ಲ. ನಾನು, ಬೇಕಾದರೆ ಮನೆ ಪೂರ್ತಿ ಕಿತ್ತು ನೀನೇ ಹುಡುಕಿಕೋ ಹೋಗು ಅಂದೆ.

ಅವಳು ನಮ್ಮ ಮನೆಯಲ್ಲಿ ಹೇಳಿದ ಮಾತು ಕೇಳುವವಳು ಒಬ್ಬಳೇ. ನಾನು ಗೇಟಿನ ಹತ್ತಿರ ಹೋಗಿ, ಬಾಯಲ್ಲಿ ತಪ್ಪಾಯ್ತು ಅನ್ನುವ ಮಾತನ್ನು ಎರಡು ಸಲ ಅಭ್ಯಾಸ ಮಾಡಿಕೊಳ್ಳುವಷ್ಟರಲ್ಲಿ ಒಳಗಿನಿಂದ ಟಿಣ್ ಅಂತ ಸದ್ದು ಬಂತು. ಐದು ದಿನದಿಂದ ನಾನು ಕಿವಿ ಕೊಟ್ಟು ಕಾಯುತ್ತಿದ್ದ ಸದ್ದು.

ಓಡಿ ಬಂದೆ. ಮಗಳು ಕುರ್ಚಿಯ ಮೇಲೆ ನಿಂತಿದ್ದಳು. ಲ್ಯಾಪ್‌ಟಾಪನ್ನು ಒಂದು ಬದಿಗೆ ಎಳೆದಿದ್ದಳು, ಎಳೆಯುವಾಗ ಗುಂಡಿಗೆ ಕೈ ತಗುಲಿರಬೇಕು, ಮೇಜಿನ ಬಟ್ಟೆ ನೆಲದ ಮೇಲಿತ್ತು. ಬಟ್ಟೆಯ ಕೆಳಗೆ ಬಲಗಡೆ ನನ್ನ ಹತ್ತನೇ ಕ್ಲಾಸಿನ ಗೈಡು. ಎಡಗಡೆ ಇದ್ದದ್ದು ಅವಳ ಕೈಯಲ್ಲಿತ್ತು: ಗುಲಾಬಿ ಬಣ್ಣದ ಪೆನ್ಸಿಲ್ ಬಾಕ್ಸ್, ಮುಚ್ಚಳ ಟಕ್ ಅಂತ ತಾನೇ ಕಚ್ಚಿಕೊಳ್ಳುತ್ತದಲ್ಲ, ಅಂಥದ್ದು. ಲ್ಯಾಪ್‌ಟಾಪ್ ಬೆಳಗುತ್ತಿತ್ತು.

ಬಾಕ್ಸು ಅವಳ ಕೈಯಿಂದ ತೆಗೆದು ಲ್ಯಾಪ್‌ಟಾಪಿನ ಅಡಿಗೆ, ಎಡಕ್ಕೆ ಇಟ್ಟೆ. ಪರದೆ ಕಪ್ಪಾಯಿತು. ತೆಗೆದು ಗುಂಡಿ ಮುಟ್ಟಿದೆ, ಬೆಳಗಿತು. ಇಟ್ಟೆ, ಕಪ್ಪು. ತೆಗೆದೆ, ಬೆಳಕು. ರಿಪೇರಿಯವನಿಗೆ ಫೋನ್ ಮಾಡಿದೆ. ಆ ಬಾಕ್ಸಿನ ಮುಚ್ಚಳದಲ್ಲಿ ಅಯಸ್ಕಾಂತ ಇದೆಯಾ ಅಂತ ಕೇಳಿದ. ಇದೆ ಅಂದೆ. ಲ್ಯಾಪ್‌ಟಾಪಿನಲ್ಲೂ ಅಂಥದ್ದೇ ಒಂದು ಏರ್ಪಾಡು ಇದೆಯಂತೆ. ಮುಚ್ಚಳದ ಅಯಸ್ಕಾಂತ ಹತ್ತಿರ ಬಂದರೆ, ಮುಚ್ಚಿದರು ಅಂತ ತಿಳಿದು ಅದು ಮಲಗಿಬಿಡುತ್ತದಂತೆ. ಐದು ದಿನ ಅದು ಹಾಗೇ ತಿಳಿದುಕೊಂಡಿತ್ತು, ಪಾಪ. ಕೆಟ್ಟೇ ಇರಲಿಲ್ಲ.

"ಯಾರು ಮೇಡಂ ಅಲ್ಲಿಟ್ಟಿದ್ದು?" ಅಂತ ನಗುತ್ತಾ ಕೇಳಿದ.

ಬಸ್ಸಿನ ಹೊತ್ತಾಯಿತು ಅಂತ ಹೇಳಿ ಫೋನ್ ಇಟ್ಟೆ. ಅವತ್ತು ನನಗೆ ಯಾವ ಬಸ್ಸೂ ಇರಲಿಲ್ಲ.

ಮನೆಯವರೆಲ್ಲ ಆಗ ಕೊಟ್ಟಿಗೆಯಲ್ಲೋ ಕಣದಲ್ಲೋ ಇದ್ದರು. ನೋಡಿದವಳು ಮಗಳು ಮಾತ್ರ. ಡಬ್ಬಿಯಿಂದ ಒಂದು ಚಾಕೊಲೇಟ್ ತೆಗೆದು ಅವಳಿಗೆ ಕೊಟ್ಟು, ಇದನ್ನ ತಿಂತಾ ಇರು, ಯಾರಿಗೂ ಏನೂ ಹೇಳಬೇಡ ಅಂದೆ. ತಲೆ ಆಡಿಸಿದಳು. ಕೂತು ಟೈಪ್ ಮಾಡಿದೆ. ಹತ್ತೂವರೆಗೆ ಎಂಬತ್ತಮೂರನೇ ಹಸು ಪೆನ್‌ಡ್ರೈವ್ ಸೇರಿತು. ಆ ಮೂರೂವರೆ ಗಂಟೆಯಲ್ಲಿ ಅತ್ತೆ ನಾಲ್ಕು ಸಲ ಕರೆದರು. ಒಂದು ಸಲವೂ ನಾನು ರೇಗಲಿಲ್ಲ. ನನಗೆ ಹುಷಾರಿಲ್ಲ ಅಂದುಕೊಂಡು ಕಷಾಯ ಕಾಯಿಸಿ ತಂದಿಟ್ಟರು.

೮. ಸಭೆ

ಡೈರಿಯ ಕಟ್ಟಡದಲ್ಲಿ ಹೆಂಗಸರು ಒಳಗೆ ಕೂತಿದ್ದರು, ಗಂಡಸರು ಕಿಟಕಿಯ ಹೊರಗೆ ನಿಂತಿದ್ದರು. ಎರಡೂ ಪಟ್ಟಿಯನ್ನು ಡೈರಿಯ ಕಂಪ್ಯೂಟರಿನಲ್ಲಿ ತೆಗೆದು ಅಧ್ಯಕ್ಷೆ ಅಕ್ಕ ಗಟ್ಟಿಯಾಗಿ ಓದಿಸಿದರು. ಎದುರು ಮನೆಯವಳ ಪಟ್ಟಿ ನೋಡಲು ಬಹಳ ಚೆಂದ, ಬಣ್ಣದ ಗೆರೆ ಎಲ್ಲ ಹಾಕಿದ್ದಳು. ಆದರೆ ಕೊಟ್ಟಿಗೆಗೆ ಹೋಗದೆ ಹಳೇ ರಿಜಿಸ್ಟರ್ ನೋಡಿ ಟೈಪ್ ಮಾಡಿದ್ದಳು. ಅದರಲ್ಲಿದ್ದ ನಾಲ್ಕು ಹಸು ಸತ್ತು ವರ್ಷವಾಗಿತ್ತು. ಒಂದು ಹೆಸರು ಓದುವಾಗ ಹಿಂದಿನ ಸಾಲಿನಲ್ಲಿ ಯಾರೋ ಮೂಗು ಒರೆಸಿಕೊಂಡರು. ನನ್ನ ಪಟ್ಟಿಯಲ್ಲಿ ಅಜ್ಜಿಯ ಕಬ್ಬಿಣದ ಪೆಟ್ಟಿಗೆಯಲ್ಲಿದ್ದ ನಂಬರು ಕೂಡ ಇತ್ತು. ಅಜ್ಜಿ ಎದ್ದು ನಿಂತು, ನನ್ನ ಹಸುವಿನ ಕಿವಿ ಮುಟ್ಟಿ ನೋಡಿದವಳು ಇವಳೊಬ್ಬಳೇ ಅಂತ ಹೇಳಿತು.

ಕಾರ್ಯದರ್ಶಿ ನಾನು ಅಂತ ಅಧ್ಯಕ್ಷೆ ಅಕ್ಕ ಹೇಳಿದರು. ಕೈ ಎತ್ತಿ ಅಂದಾಗ ಎಲ್ಲರೂ ಎತ್ತಿದರು. ಎದುರು ಮನೆಯವಳೂ ಎತ್ತಿದಳು. ನನ್ನ ಕಣ್ಣು ತುಂಬಿ ಬಂದದ್ದನ್ನು ಸೆರಗಿನಲ್ಲಿ ಒತ್ತಿಕೊಂಡೆ. ಅಲ್ಲಿಗೆ ಸಭೆ ಮುಗಿದಿದ್ದರೆ ಎಷ್ಟು ಚೆನ್ನಾಗಿತ್ತು.

ಅಧ್ಯಕ್ಷೆ ಅಕ್ಕ, ಅದು ಸರಿ, ವಾರವೆಲ್ಲ ನಿಮ್ಮನೆ ಲ್ಯಾಪ್‌ಟಾಪ್ ಕೆಟ್ಟು ಕೂತಿತ್ತಂತಲ್ಲ, ಯಾರು ಸರಿ ಮಾಡಿದ್ದು ಅಂತ ಕೇಳಿದರು.

ನಾನು ಬಾಯಿ ತೆರೆಯುವ ಮೊದಲೇ ಕಿಟಕಿಯಿಂದ ಮಾವ, ಬುಧವಾರ ಒಂದು ಬಿಸಿಲು, ಶುಕ್ರವಾರ ಒಂದು ಬಿಸಿಲು ಕೊಟ್ಟೆ, ತೇವ ಇಳೀತು ಅಂದರು. ಅವರ ಪಕ್ಕದಿಂದ ನಮ್ಮವರು, ಅಪ್ಪಯ್ಯ ಸುಮ್ನಿರಿ, ಸ್ಟೆಬಿಲೈಸರ್‌ಗೆ ಕರೆಂಟ್ ಹೊಂದಿಕೊಳ್ಳೋಕೆ ಟೈಮ್ ಬೇಕಾಗ್ತದೆ, ಅದೇ ಆಗಿದ್ದು ಅಂದರು. ಒಳಗಿನಿಂದ ಅತ್ತೆ, ಗುರುವಾರ, ಶುಕ್ರವಾರ, ಇವತ್ತು ಬೆಳಿಗ್ಗೆ, ಮೂರು ದಿನಕ್ಕೆ ಸರಿಯಾಗಿ ಇಳೀತು ನೋಡಿ ಅಂದರು. ಇವತ್ತು ಬೆಳಿಗ್ಗೆ ಯಾವಾಗ ನಿವಾಳಿಸಿದರೋ ನನಗೇ ಗೊತ್ತಿಲ್ಲ. ಸಭೆ ಮೂರು ಪಾಲಾಯಿತು. ಮೆಣಸು ಬೆಳೆಯುವವರೆಲ್ಲ ಮಾವನ ಕಡೆ, ವಯಸ್ಸಾದ ಹೆಂಗಸರೆಲ್ಲ ಅತ್ತೆಯ ಕಡೆ, ಉಳಿದವರು ನಮ್ಮವರ ಕಡೆ. ಮೂವರೂ ನನ್ನ ಕಡೆ ತಿರುಗಿ, ನೀನೇ ಹೇಳು ಅಂದರು. ವಾರಪೂರ್ತಿ ಈ ಮೂವರಿಗೂ ನಾನು ಬೈದದ್ದನ್ನು ನೆನೆದು, ನಾನು ನೆಲ ನೋಡುತ್ತಾ ಕೂತೆ.

ಮಡಿಲಲ್ಲಿ ಮಗಳಿದ್ದಳು. ಗುಲಾಬಿ ಬಾಕ್ಸು ಎದೆಗೆ ಅವುಚಿಕೊಂಡಿದ್ದಳು. ಬೆಳಿಗ್ಗೆಯಿಂದ ಚೂರು ಚೂರೇ ತಿಂದು ಮುಗಿಸಿದ ಚಾಕೊಲೇಟಿನ ಖಾಲಿ ಕಾಗದವನ್ನು ನೀಟಾಗಿ ಮಡಚಿ ನನ್ನ ಕೈಗಿಟ್ಟು, ಚಾಕೊಲೇಟ್ ಮುಗೀತು ಅಂತ ಹೇಳಿದಳು. ಅದನ್ನು ತಿನ್ನುತ್ತಾ ಇರುವಷ್ಟು ಹೊತ್ತು ಹೇಳಬಾರದು ಅಂತ ತಾನೇ ನಮ್ಮ ಒಪ್ಪಂದ. ಇಡೀ ಡೈರಿ ನನ್ನ ಬಾಯಿಂದ ಬರುವ ಮಾತಿಗೆ ಕಿವಿಗೊಟ್ಟು ಸುಮ್ಮನಾಗಿದ್ದ ಆ ಗಳಿಗೆಯಲ್ಲಿ, ನನ್ನ ಮುಖವನ್ನು ಎರಡೂ ಕೈಯಿಂದ ತನ್ನ ಕಡೆ ತಿರುಗಿಸಿಕೊಂಡು ಕೇಳಿದಳು:

"ಅಮ್ಮಾ, ಬಾಕ್ಸ್‌ನ ಲ್ಯಾಪ್‌ಟಾಪ್ ಅಡೀಲಿ ಇಟ್ಟಿದ್ದು ನೀನೇ ಅಲ್ವಾ? ಮತ್ತೆ ಅವತ್ತು ನಂಗ್ಯಾಕೆ ಹೊಡ್ದೆ?"